ನೀರು ಮತ್ತೆ ಮಳೆಯಾಗಿ ಬರುವುದಾದರೆ ವ್ಯರ್ಥವಾಗುವುದು ಹೇಗೆ?

ಪ್ರಶ್ನೆ: ನನಗೆ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಇದ್ದಾರೆ. ಮಗ ಕೈ ತೊಳೆಯಲು ಹೋದರೆ ನಲ್ಲಿ ಬಿಟ್ಟುಕೊಂಡು ನೀರಿನಲ್ಲಿ ಆಡುತ್ತಾ ನಿಂತುಬಿಡುತ್ತಾನೆ, ಗದರಿದರೂ ಕೇಳುವುದಿಲ್ಲ. ಮಗಳದ್ದು ಇದಕ್ಕೆ ತದ್ವಿರುದ್ಧ. ಶಾಲೆಯಲ್ಲಿ ನೀರಿನ ಉಳಿತಾಯದ ಪಾಠವಾದ ಮೇಲೆ ಅವಳಿಗೆ ಭಯ ಹಿಡಿದಿದೆ. ಯಾರಾದರೂ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನಿಮಿಷ ಎಣಿಸುತ್ತಾಳೆ, ತಮ್ಮನ ಮೇಲೆ ರೇಗುತ್ತಾಳೆ. "ನಾವು ದೊಡ್ಡವರಾಗುವಷ್ಟರಲ್ಲಿ ನೀರೇ ಇರುವುದಿಲ್ಲವೇ?" ಎಂದು ಮಲಗುವ ಹೊತ್ತಿಗೆ ಕೇಳುತ್ತಾಳೆ. ಮೊನ್ನೆ ಅವಳು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ನೀರು ಆವಿಯಾಗಿ, ಮೋಡವಾಗಿ, ಮತ್ತೆ ಮಳೆಯಾಗುತ್ತದೆ ಎಂದು ಪುಸ್ತಕದಲ್ಲಿದೆ. ಹಾಗಾದರೆ ಅದು ವ್ಯರ್ಥವಾಗುವುದು ಹೇಗೆ?" ಹೆದರಿಸದೆ, ದಿನವಿಡೀ ಗೊಣಗದೆ, ಇಬ್ಬರಿಗೂ ನೀರನ್ನು ಹಿತಮಿತವಾಗಿ ಬಳಸಲು ಕಲಿಸುವುದು ಹೇಗೆ?

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದೆಲ್ಲದರ ಬೇರು ಅಲ್ಲೇ ಇದೆ. ನೀರು ಎಲ್ಲಿಗೂ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ ಎನ್ನುತ್ತದೆ ಜಲಚಕ್ರದ ಪಾಠ. ನೀರು ಮುಗಿದುಹೋಗುತ್ತದೆ ಎನ್ನುತ್ತದೆ ಉಳಿತಾಯದ ಪಾಠ. ಬಹಳಷ್ಟು ಮಕ್ಕಳು ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿ, ಎರಡರಲ್ಲೂ ಅಂಕ ಪಡೆದು ಮುಂದಿನ ತರಗತಿಗೆ ಹೋಗಿಬಿಡುತ್ತಾರೆ. ನಿಮ್ಮ ಮಗಳು ಎರಡನ್ನೂ ಅಕ್ಕಪಕ್ಕ ಇಟ್ಟು, ಇವು ಒಂದಕ್ಕೊಂದು ಹೊಂದುತ್ತಿಲ್ಲವಲ್ಲ ಎಂದು ಗಮನಿಸಿದ್ದಾಳೆ. ಆದ್ದರಿಂದ ಅವಳಿಗೆ ಮೊದಲು ಹೇಳಬೇಕಾದ ಮಾತು ಇದು: "ನೀನು ಯೋಚಿಸಿದ್ದು ಸರಿ. ಭೂಮಿಯ ಮೇಲಿನ ನೀರು ಮುಗಿದುಹೋಗುವುದಿಲ್ಲ." ಇದು ಸತ್ಯ, ಮತ್ತು ಅವಳ ಭಯಕ್ಕೆ ಮೊದಲ ಮದ್ದೂ ಹೌದು.

ಹಾಗಾದರೆ ಕಳೆದುಹೋಗುವುದು ಏನು? ನೀರಿನ ಶುದ್ಧತೆ ಕಳೆದುಹೋಗುತ್ತದೆ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಅದು ಸಿಗುವ ಅನುಕೂಲ ಕಳೆದುಹೋಗುತ್ತದೆ. ಅದನ್ನು ಅಲ್ಲಿಗೆ ತರಲು ಸುರಿದ ಶ್ರಮ ಮತ್ತು ವಿದ್ಯುತ್ ಕಳೆದುಹೋಗುತ್ತವೆ. ನಲ್ಲಿಯಲ್ಲಿ ಬರುವ ನೀರು ಅದಕ್ಕೂ ಮೊದಲು ನದಿಯಲ್ಲೋ ಜಲಾಶಯದಲ್ಲೋ ನೆಲದೊಳಗೋ ಇತ್ತು. ಅದನ್ನು ಪಂಪುಗಳು ಎತ್ತಿದವು. ನದಿಯ ನೀರಾದರೆ ಶುದ್ಧೀಕರಣ ಘಟಕದಲ್ಲಿ ಪಟಿಕದಂಥ ರಾಸಾಯನಿಕ ಬೆರೆಸಿ, ಮಣ್ಣಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿಯುವಂತೆ ಮಾಡಿದರು. ಮರಳಿನ ಪದರಗಳ ಮೂಲಕ ಸೋಸಿ, ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಸೇರಿಸಿದರು. ಮತ್ತೆ ಪಂಪು, ಎತ್ತರದ ಟ್ಯಾಂಕು, ಉದ್ದಕ್ಕೂ ಕೊಳವೆ. ಇಷ್ಟೆಲ್ಲ ಆಗಿ ಬಂದ ನೀರು ಯಾರ ಕೈಯನ್ನೂ ತೊಳೆಯದೆ, ಯಾರ ಬಾಯಾರಿಕೆಯನ್ನೂ ತಣಿಸದೆ ನೇರವಾಗಿ ಚರಂಡಿಗೆ ಇಳಿದರೆ, ಆ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು. "ವ್ಯರ್ಥ" ಎನ್ನುವುದು ಇದನ್ನು.

ಈ ದಾರಿಯನ್ನು ನೀವು ವಿವರಿಸುವುದಕ್ಕಿಂತ ಅವಳಿಂದಲೇ ಬರೆಸಿ. ಒಂದು ದೊಡ್ಡ ಹಾಳೆಯ ನಡುವೆ ನಿಮ್ಮ ಮನೆಯ ನಲ್ಲಿಯನ್ನು ಬಿಡಿಸಲಿ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಹೋಗಲಿ: ಇದಕ್ಕೆ ನೀರು ಎಲ್ಲಿಂದ ಬಂತು, ಅದಕ್ಕೆ ಎಲ್ಲಿಂದ ಬಂತು? ಆಮೇಲೆ ಮುಂದಕ್ಕೆ: ಚರಂಡಿಯಿಂದ ಎಲ್ಲಿಗೆ ಹೋಗುತ್ತದೆ? ಎಲ್ಲೋ ಒಂದು ಕಡೆ ನಿಮಗೂ ಗೊತ್ತಿಲ್ಲದ ಜಾಗ ಬರುತ್ತದೆ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ನೀರು ಸರಬರಾಜು ಮಾಡುವವರನ್ನೇ ಅವಳ ಜೊತೆ ಹೋಗಿ ಕೇಳಿ. ಶುದ್ಧೀಕರಣ ಘಟಕವನ್ನು ನೋಡಲು ಅವಕಾಶವಿದ್ದರೆ ಬಿಡಬೇಡಿ. ಕೆಸರು ನೀರು ಒಂದು ತುದಿಯಲ್ಲಿ ಒಳಗೆ ಹೋಗಿ ಇನ್ನೊಂದು ತುದಿಯಲ್ಲಿ ತಿಳಿಯಾಗಿ ಹೊರಬರುವುದನ್ನು ಕಣ್ಣಾರೆ ಕಂಡ ಮಗುವಿಗೆ ಹತ್ತು ಘೋಷಣೆಗಳ ಅಗತ್ಯವಿಲ್ಲ.

ಇನ್ನೊಂದು ಸಣ್ಣ ಕೆಲಸವಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಬಕೆಟ್ಟಿನಲ್ಲಿ ಐದು ಲೀಟರ್ ಹಾಕಿ, ಮನೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅವಳೇ ಎತ್ತಿಕೊಂಡು ಹೋಗಲಿ. ಅವಳ ಕೈ ಸೋತಾಗ ಹೇಳಿ: ಮನೆಯ ಅಂಗಳದಲ್ಲಿ ನೀರಿಲ್ಲದ ಕುಟುಂಬಗಳು ಜಗತ್ತಿನಲ್ಲಿ ಇನ್ನೂ ಬಹಳ ಇವೆ, ಅಂಥ ಪ್ರತಿ ಹತ್ತರಲ್ಲಿ ಏಳು ಕುಟುಂಬಗಳಲ್ಲಿ ನೀರು ಹೊತ್ತು ತರುವ ಹೊಣೆ ಹೆಂಗಸರ ಮತ್ತು ಹೆಣ್ಣುಮಕ್ಕಳ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರ ವರದಿಯಲ್ಲಿ ಕೊಟ್ಟ ಲೆಕ್ಕ ಇದು. ಅವಳದೇ ವಯಸ್ಸಿನ ಹುಡುಗಿಯರು ಶಾಲೆಗೆ ಹೋಗುವ ಮೊದಲು ಮಾಡುವ ಕೆಲಸ ಇದು ಎಂಬುದು ತೋಳಿನ ನೋವಿನ ಜೊತೆ ತಿಳಿದಾಗ ಮನಸ್ಸಿಗೆ ಇಳಿಯುವ ರೀತಿಯೇ ಬೇರೆ.

ಇನ್ನು "ಮತ್ತೆ ಮಳೆಯಾಗುತ್ತದಲ್ಲ" ಎಂಬ ಮಾತು. ಆಗುತ್ತದೆ, ಆದರೆ ಜಲಚಕ್ರ ಎಲ್ಲ ಕಡೆ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಗಾಳಿಯಲ್ಲಿರುವ ನೀರಾವಿ ಸರಾಸರಿ ಒಂಬತ್ತು ದಿನಗಳಲ್ಲಿ ಮಳೆಯಾಗಿಯೋ ಹಿಮವಾಗಿಯೋ ಕೆಳಗೆ ಬರುತ್ತದೆ. ನದಿಯ ನೀರು ವಾರಗಳ ಲೆಕ್ಕದಲ್ಲಿ ಬದಲಾಗುತ್ತದೆ. ಆಳದ ಅಂತರ್ಜಲ ಮಾತ್ರ ಸಾವಿರಾರು ವರ್ಷ ಹಳೆಯದಿರಬಹುದು. ಅದನ್ನು ಒಂದು ತಲೆಮಾರಿನಲ್ಲಿ ಎತ್ತಿ ಖಾಲಿ ಮಾಡಿದರೆ, ಮುಂದಿನ ಮಳೆಗಾಲ ಅದನ್ನು ತುಂಬಿಕೊಡುವುದಿಲ್ಲ. ಇದನ್ನು ತೋರಿಸಲು ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ಮೇಲಿನ ಭಾಗ ಕತ್ತರಿಸಿ, ತಳದ ಹತ್ತಿರ ಸಣ್ಣ ತೂತು ಮಾಡಿ, ಬಕೆಟ್ಟಿನ ಮೇಲೆ ಹಿಡಿದು ಮೇಲಿನಿಂದ ನೀರು ಹಾಕಲಿ. ಬೇಗ ಹಾಕಿದರೆ ಮಟ್ಟ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ತೂತನ್ನು ಇನ್ನಷ್ಟು ದೊಡ್ಡದು ಮಾಡಿದರೆ ಎಷ್ಟು ಹಾಕಿದರೂ ಸಾಲುವುದಿಲ್ಲ. ಬಕೆಟ್ಟಿಗೆ ಬಿದ್ದ ನೀರು ಎಲ್ಲೂ ಹೋಗಿಲ್ಲ, ಬಾಟಲಿ ಮಾತ್ರ ಖಾಲಿ. ಅವಳ ಎರಡೂ ಪಾಠಗಳು ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದು ಅವಳಿಗೆ ಅಲ್ಲೇ ಕಾಣುತ್ತದೆ.

ಶಾಲೆಗಳಲ್ಲಿ ಮಾಡಿ ತೋರಿಸುವ ಒಂದು ಲೆಕ್ಕವಿದೆ. ಭೂಮಿಯ ಮೇಲಿನ ಎಲ್ಲ ನೀರನ್ನೂ 100 ಲೀಟರ್ ಎಂದುಕೊಂಡರೆ ಸುಮಾರು ತೊಂಬತ್ತೇಳೂವರೆ ಲೀಟರ್ ಉಪ್ಪುನೀರು. ಉಳಿದ ಎರಡೂವರೆ ಲೀಟರ್ ಸಿಹಿನೀರಿನಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಹಿಮ, ಉಳಿದದ್ದರಲ್ಲಿ ಬಹುಪಾಲು ಅಂತರ್ಜಲ. ಎಲ್ಲ ನದಿ ಸರೋವರಗಳಿಗೆ ಸೇರಿ ಉಳಿಯುವುದು ಒಂದು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕ ಸರಿ, ಆದರೆ ಇದನ್ನು ಮೊದಲ ಪಾಠವಾಗಿ ಮಾಡುವುದು ನನಗೆ ಇಷ್ಟವಿಲ್ಲ. ಆ ಚಮಚ ಮತ್ತೆ ಮತ್ತೆ ತುಂಬುತ್ತದೆ ಎಂಬ ಅರ್ಧವನ್ನು ಹೇಳದೆ ಬಿಟ್ಟರೆ ಮಗುವಿನಲ್ಲಿ ಉಳಿಯುವುದು ಹೆದರಿಕೆ ಮಾತ್ರ. ನಿಮ್ಮ ಮಗಳಿಗೆ ಆಗಿರುವುದು ಬಹುಶಃ ಅದೇ.

ಹೆದರಿಕೆಯ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು. ಒಡೆದ ನೆಲ, ಅಳುವ ನಲ್ಲಿ, ಕೊನೆಯ ಹನಿ ಇಂಥ ಚಿತ್ರಗಳು ದೊಡ್ಡವರನ್ನು ಎಚ್ಚರಿಸಲು ಹುಟ್ಟಿದವು. ಒಂಬತ್ತು ವರ್ಷದ ಮಗುವಿಗೆ ಅಣೆಕಟ್ಟು ಕಟ್ಟುವ ಶಕ್ತಿಯಿಲ್ಲ, ಕೊಳವೆ ಬದಲಿಸುವ ಅಧಿಕಾರವಿಲ್ಲ. ತನ್ನ ಕೈಯಲ್ಲಿ ಏನೂ ಇಲ್ಲದ ಅಪಾಯವನ್ನು ಅದರ ತಲೆಗೆ ಹೊರಿಸಿದರೆ ಅದು ಒಂದೋ ಕಿವಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಮನೆಯವರಿಗೆಲ್ಲ ಕಾವಲು ನಿಲ್ಲುತ್ತದೆ. ಬಾಗಿಲ ಹೊರಗೆ ನಿಂತು ಎಣಿಸುವ ನಿಮ್ಮ ಮಗಳು ಹಟಮಾರಿಯಲ್ಲ. ಭಯವನ್ನು ಏನು ಮಾಡಬೇಕೆಂದು ತಿಳಿಯದೆ ಸಿಕ್ಕಿದ ಕೆಲಸ ಮಾಡುತ್ತಿದ್ದಾಳೆ. ಗದರಬೇಡಿ, ನಗಬೇಡಿ. ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾಳೆಯೇ, ಶೌಚದ ನಂತರ ನೀರು ಹಾಕಲು ಅಥವಾ ಸೋಪಿನಿಂದ ಕೈ ತೊಳೆಯಲು ಹಿಂಜರಿಯುತ್ತಿದ್ದಾಳೆಯೇ ಎಂದು ಮಾತ್ರ ಗಮನಿಸಿ. ಹಾಗಿದ್ದರೆ ಇಂದೇ ಸ್ಪಷ್ಟವಾಗಿ ಹೇಳಿ: ಕುಡಿಯುವ ನೀರಿಗೂ ಶುಚಿತ್ವಕ್ಕೂ ನಮ್ಮ ಮನೆಯಲ್ಲಿ ಲೆಕ್ಕವಿಲ್ಲ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಸುರಕ್ಷಿತ ನೀರು ಮತ್ತು ನೈರ್ಮಲ್ಯವನ್ನು ಮನುಷ್ಯರ ಹಕ್ಕು ಎಂದು ಒಪ್ಪಿಕೊಂಡಿದೆ. ಆ ಹಕ್ಕು ಅವಳದ್ದೂ ಹೌದು. ಹಾಗೆ ಹೇಳಿದ ಮೇಲೂ ಕುಡಿಯದೆ ಇದ್ದರೆ, ರಾತ್ರಿ ನಿದ್ದೆಗೆಟ್ಟರೆ ಮಕ್ಕಳ ವೈದ್ಯರ ಹತ್ತಿರ ಮಾತನಾಡಿ.

ಮಲಗುವ ಹೊತ್ತಿನ ಪ್ರಶ್ನೆಗೆ ಸುಳ್ಳು ಸಮಾಧಾನ ಬೇಡ. "ಏನೂ ಆಗುವುದಿಲ್ಲ, ಮಲಗು" ಎಂದರೆ ಅವಳು ನಂಬುವುದಿಲ್ಲ. ನಾನಾದರೆ ಹೀಗೆ ಹೇಳುತ್ತೇನೆ: "ನೀರು ಇರುತ್ತದೆ. ಕೆಲವು ಕಡೆ ಸಾಲದೆ ಬರುತ್ತದೆ, ಈಗಲೂ ಬರುತ್ತಿದೆ. ಅದನ್ನು ಸರಿ ಮಾಡುವ ಕೆಲಸವನ್ನು ತುಂಬಾ ಜನ ಮಾಡುತ್ತಿದ್ದಾರೆ. ನಮ್ಮ ಮನೆಯ ಪಾಲನ್ನು ನಾವು ಮಾಡೋಣ." ಆಮೇಲೆ ಅವಳಿಗೆ ನಿಜವಾಗಿ ನಡೆದ ಸಂಗತಿಗಳನ್ನು ಹೇಳಿ. ಮೂರು ವರ್ಷ ಮಳೆ ಕೈಕೊಟ್ಟ ಮೇಲೆ, 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರ ನಲ್ಲಿಗಳನ್ನೇ ಮುಚ್ಚಬೇಕಾದ ಸ್ಥಿತಿಗೆ ಬಂದಿತ್ತು. ಆ ದಿನಕ್ಕೆ "ಶೂನ್ಯ ದಿನ" ಎಂದು ಹೆಸರನ್ನೂ ಇಟ್ಟಿದ್ದರು. ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಫೆಬ್ರವರಿಯಿಂದ ಜಾರಿಗೆ ಬಂತು. ನಗರದ ಬಳಕೆ ಮೂರು ವರ್ಷ ಹಿಂದಿನದರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು, ಹತ್ತಿರದ ಕಣಿವೆಯ ರೈತರು ತಮ್ಮ ಜಲಾಶಯದ ನೀರನ್ನು ನಗರಕ್ಕೆ ಬಿಟ್ಟುಕೊಟ್ಟರು, ಆಮೇಲೆ ಮಳೆಯೂ ಬಂತು. ಆ ದಿನ ಬರಲೇ ಇಲ್ಲ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೂ ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಕುಡಿಯುವ ನೀರಿಗೆ ಸೇರಿಸುತ್ತಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಮತ್ತೆ ಶುದ್ಧ ನೀರಾಗಿ ತಿರುಗಿಸುವ ಯಂತ್ರಗಳಿವೆ. ಅಲ್ಲಿನ ನೀರಿನಲ್ಲಿ 98 ಪ್ರತಿಶತ ಮರಳಿ ಸಿಗುವಂತೆ ಮಾಡಿದ್ದೇವೆ ಎಂದು 2023ರಲ್ಲಿ ನಾಸಾ ಹೇಳಿತು. ಮೂತ್ರದ ವಿಷಯ ಬಂದೊಡನೆ ಮಕ್ಕಳು ನಕ್ಕು ಹೊರಳಾಡುತ್ತಾರೆ. ನಗಲಿ. ಭಯ ಕರಗುವುದಕ್ಕೆ ಅದೂ ಒಂದು ದಾರಿ.

ಈಗ ಮಗನ ವಿಷಯ. ಐದು ವರ್ಷದ ಮಗು ನಲ್ಲಿಯ ಕೆಳಗೆ ನೀರು ಪೋಲು ಮಾಡುತ್ತಿಲ್ಲ; ನೀರು ಹೇಗೆ ಬೀಳುತ್ತದೆ, ಬೆರಳಿಟ್ಟರೆ ಹೇಗೆ ಚಿಮ್ಮುತ್ತದೆ, ಅಂಗೈಯಲ್ಲಿ ಎಷ್ಟು ನಿಲ್ಲುತ್ತದೆ ಎಂದು ನೋಡುತ್ತಿದೆ. ಆ ಆಸೆಯನ್ನು ಅದುಮಬೇಡಿ, ಜಾಗ ಬದಲಿಸಿ. ಆಟಕ್ಕೆಂದೇ ದಿನದ ಒಂದು ಹೊತ್ತು ಇಡಿ. ಅಗಲವಾದ ಬೇಸಿನ್ನಿನಲ್ಲಿ ಮೂರು ನಾಲ್ಕು ಲೀಟರ್ ನೀರು, ಲೋಟ, ಆಲಿಕೆ, ಸ್ಪಂಜು ಕೊಡಿ. ಆಟ ಮುಗಿದ ಮೇಲೆ ಆ ನೀರನ್ನು ಅವನೇ ಗಿಡಕ್ಕೆ ಹಾಕಲಿ. ಅಷ್ಟು ಸಿಕ್ಕಿದ ಮಗು ನಲ್ಲಿಯ ಹತ್ತಿರ ಹಟ ಮಾಡುವುದು ಕಡಿಮೆಯಾಗುತ್ತದೆ. ಆದರೆ ಆಟದ ಉದ್ದಕ್ಕೂ ನೀವು ಹತ್ತಿರವೇ ಇರಬೇಕು. ಸಣ್ಣ ಮಗು ಕೆಲವೇ ಅಂಗುಲ ನೀರಿನಲ್ಲೂ ಸದ್ದಿಲ್ಲದೆ ಮುಳುಗಬಲ್ಲದು. ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿಯೇ ಅತಿ ಹೆಚ್ಚು. ಉಳಿತಾಯಕ್ಕೆಂದು ಬಕೆಟ್ಟುಗಳಲ್ಲಿ ನೀರು ತುಂಬಿಡುವ ಮನೆಗಳು ಇದನ್ನು ಮರೆಯಲೇಬಾರದು. ಬಕೆಟ್ಟಿನ ಬಾಯಿ ಭದ್ರವಾಗಿ ಮುಚ್ಚಿರಲಿ, ಸ್ನಾನದ ಕೋಣೆಯ ಬಾಗಿಲು ಹಾಕಿರಲಿ.

ಐದು ವರ್ಷಕ್ಕೆ "ಇಷ್ಟು ಲೀಟರ್ ಹೋಯಿತು" ಎಂಬ ಮಾತು ಅರ್ಥವಾಗುವುದಿಲ್ಲ. ಇದಕ್ಕೆ ಕಾರಣ ಹುಡುಗಾಟವಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳಿಗೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತೋರಿಸಿ, ಒಂದನ್ನು ಅವರ ಕಣ್ಣೆದುರೇ ಸಪೂರವಾದ ಎತ್ತರದ ಲೋಟಕ್ಕೆ ಸುರಿಯುತ್ತಿದ್ದರು. ನಾಲ್ಕೈದು ವರ್ಷದ ಮಕ್ಕಳು ಎತ್ತರದ ಲೋಟದಲ್ಲೇ ಹೆಚ್ಚು ನೀರಿದೆ ಎನ್ನುತ್ತಿದ್ದರು. ಪಾತ್ರೆ ಬದಲಾದರೂ ನೀರಿನ ಪ್ರಮಾಣ ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಮೂಡುತ್ತದೆ. ನಿಮ್ಮ ಮನೆಯಲ್ಲೇ ಮಾಡಿ ನೋಡಿ. ಅಕ್ಕ ಒಂದು ಉತ್ತರ ಹೇಳುತ್ತಾಳೆ, ತಮ್ಮ ಇನ್ನೊಂದು ಹೇಳುತ್ತಾನೆ. ತಮ್ಮ ಬೇಕೆಂದೇ ಕೇಳದಿರುವುದಲ್ಲ ಎಂದು ಅಕ್ಕನಿಗೂ ಆಗ ತಿಳಿಯುತ್ತದೆ, ಅವಳ ಸಿಟ್ಟು ತಾನಾಗಿ ಇಳಿಯುತ್ತದೆ.

ಆದ್ದರಿಂದ ಅವನಿಗೆ ಬೇಕಾದದ್ದು ಕೈಗೆ ಬರುವ ಅಭ್ಯಾಸ. "ನೀರು ಪೋಲು ಮಾಡಬೇಡ" ಎಂಬ ಮಾತಿನಲ್ಲಿ ಅವನು ಮಾಡಬೇಕಾದ ಕೆಲಸವೇ ಇಲ್ಲ. "ಕೈ ಒದ್ದೆ ಮಾಡು, ನಲ್ಲಿ ನಿಲ್ಲಿಸು, ಸೋಪು ಹಚ್ಚಿ ಉಜ್ಜು, ಆಮೇಲೆ ನಲ್ಲಿ ಬಿಡು" ಎಂಬುದರಲ್ಲಿ ಇದೆ. ಸೋಪು ಉಜ್ಜುವ ಕೆಲಸಕ್ಕೆ ಕನಿಷ್ಠ 20 ಸೆಕೆಂಡು ಬೇಕು. ಅಷ್ಟು ಹೊತ್ತಿಗೆ ಸರಿಹೊಂದುವ ಒಂದು ಪದ್ಯದ ಎರಡು ಸಾಲು ಹಾಡಿಸಿ. ನಲ್ಲಿ ಅವನ ಕೈಗೆ ಎಟುಕುತ್ತದೆಯೇ, ಅದನ್ನು ತಿರುಗಿಸುವಷ್ಟು ಬಲ ಆ ಪುಟ್ಟ ಬೆರಳುಗಳಿಗೆ ಇದೆಯೇ ಎಂದು ಕೂಡ ನೋಡಿ. ಮಕ್ಕಳು ನಲ್ಲಿ ನಿಲ್ಲಿಸುವುದಿಲ್ಲ ಎಂಬ ದೂರು ಬಂದಲ್ಲೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಕಾಲಿಗೊಂದು ಗಟ್ಟಿ ಮಣೆ ಹಾಕಿದರೆ, ಬಿಗಿಯಾದ ನಲ್ಲಿಯ ಬದಲು ಹಿಡಿಕೆಯನ್ನು ಮೇಲೆ ಕೆಳಗೆ ಮಾಡುವ ನಲ್ಲಿ ಹಾಕಿಸಿದರೆ ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ. ಮರೆತಾಗ ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಅವನ ಕೈಯಿಂದಲೇ ನಿಲ್ಲಿಸಿ. ಹಲ್ಲುಜ್ಜುವಾಗ ಒಂದು ಲೋಟ ನೀರು ಕೊಟ್ಟುಬಿಡಿ, ನಲ್ಲಿಯ ಮಾತೇ ಬರುವುದಿಲ್ಲ.

ಮಗಳಿಗೆ ಬೇಕಾದದ್ದು ಅಳತೆ. ಅವಳಲ್ಲಿರುವ ಕಾಳಜಿಯೆಲ್ಲ ಈಗ ಕಾವಲಿಗೆ ಹೋಗುತ್ತಿದೆ; ಅದನ್ನು ಲೆಕ್ಕಕ್ಕೆ ತಿರುಗಿಸಿ. ಒಂದು ನೋಟ್‌ಬುಕ್, ಒಂದು ಲೀಟರಿನ ಬಾಟಲಿ, ಸೆಕೆಂಡು ತೋರಿಸುವ ಗಡಿಯಾರ ಕೊಟ್ಟು ಅವಳನ್ನು ಮನೆಯ ನೀರಿನ ಲೆಕ್ಕಿಗಳನ್ನಾಗಿ ಮಾಡಿ. ಮೊದಲ ವಾರ ಯಾರೂ ಏನನ್ನೂ ಬದಲಾಯಿಸಬಾರದು. ಇರುವುದನ್ನು ಇರುವ ಹಾಗೆ ಬರೆಯಬೇಕು. ಪ್ರತಿ ನಲ್ಲಿಯನ್ನೂ 10 ಸೆಕೆಂಡು ಬಕೆಟ್ಟಿಗೆ ಬಿಟ್ಟು ಅಳೆದು ಆರರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. ನಿಮಿಷಕ್ಕೆ ಆರು ಲೀಟರ್ ಬರುವ ನಲ್ಲಿಯನ್ನು ಬಿಟ್ಟುಕೊಂಡೇ ಎರಡು ನಿಮಿಷ ಹಲ್ಲುಜ್ಜಿದರೆ 12 ಲೀಟರ್. ಲೋಟದಲ್ಲಾದರೆ ಅರ್ಧ ಲೀಟರ್ ಸಾಕು. ಶವರನ್ನೂ ಹೀಗೆಯೇ ಅಳೆದು, ಅದರ ಐದು ನಿಮಿಷಕ್ಕೂ ಬಕೆಟ್ ಸ್ನಾನಕ್ಕೂ ಇರುವ ವ್ಯತ್ಯಾಸವನ್ನು ಅವಳೇ ಕಂಡುಕೊಳ್ಳಲಿ. ಫ್ಲಶ್ ಟ್ಯಾಂಕಿನ ಮೇಲೆ ಅಥವಾ ಒಳಗೆ ಅದರ ಅಳತೆ ಬರೆದಿರುವುದುಂಟು. ಹಳೆಯವು ಒಂದು ಸಲಕ್ಕೆ ಒಂಬತ್ತರಿಂದ ಹದಿಮೂರು ಲೀಟರ್ ಸುರಿಯುತ್ತವೆ, ಹೊಸವು ಸಾಮಾನ್ಯವಾಗಿ ಆರು. ಎರಡು ಗುಂಡಿಗಳಿರುವ ಟ್ಯಾಂಕಿನ ಸಣ್ಣ ಗುಂಡಿ ಒತ್ತಿದರೆ ಸುಮಾರು ಮೂರು.

ಸೋರಿಕೆ ಹುಡುಕುವ ಕೆಲಸವನ್ನು ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ. ನೀರಿನ ಮೀಟರ್ ಇದ್ದರೆ, ಮಲಗುವ ಮೊದಲು ಕೊನೆಯ ಬಾರಿ ನೀರು ಬಳಸಿದ ಮೇಲೆ ಅದರ ಅಂಕಿ ಬರೆದುಕೊಳ್ಳಲಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ನೋಡಲಿ. ರಾತ್ರಿ ಯಾರೂ ನೀರು ಬಳಸದಿದ್ದರೂ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿನ ನೀರಿಗೆ ತಿಂಡಿಗೆ ಬಳಸುವ ಬಣ್ಣದ ಕೆಲವು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಲ್ವ್ ಸೋರುತ್ತಿದೆ ಎಂದರ್ಥ. ಇಂಥ ಸೋರಿಕೆ ಜೋರಾದರೆ ಸದ್ದೇ ಇಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆ ಇಟ್ಟು, ಬಿದ್ದದ್ದನ್ನು ಅಳೆದು 24ರಿಂದ ಗುಣಿಸಲಿ. ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಎಷ್ಟು ಹೋಗುತ್ತದೆ ಎಂಬುದಕ್ಕೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಅಂಕಿ ಇರುತ್ತದೆ, ಏಕೆಂದರೆ ಎಲ್ಲ ನಲ್ಲಿಯ ಹನಿಯೂ ಒಂದೇ ಗಾತ್ರವಲ್ಲ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ; ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೆ ಮೇಲಾಯಿತು, ಹನಿ ದಪ್ಪಗಿದ್ದರೆ ಇನ್ನೂ ಹೆಚ್ಚು. ಪುಸ್ತಕದ ಅಂಕಿಯನ್ನು ನಂಬುವ ಬದಲು ಸ್ವಂತ ಪಾತ್ರೆಯನ್ನು ನಂಬುವ ಅಭ್ಯಾಸ ನೀರಿನಾಚೆಗೂ ಅವಳಿಗೆ ಉಪಯೋಗಕ್ಕೆ ಬರುತ್ತದೆ.

ವಾರದ ಕೊನೆಗೆ ಕೂಡಿ ನೋಡಿದಾಗ ಒಂದು ಸಂಗತಿ ಹೊರಬೀಳುತ್ತದೆ. ನಾವು ಮಕ್ಕಳಿಗೆ ದಿನವೂ ಬುದ್ಧಿ ಹೇಳುವುದು ಲೋಟದಲ್ಲಿ ಉಳಿಸಿದ ಗುಟುಕು ನೀರಿನ ಬಗ್ಗೆ. ಅದು ನೂರು ಮಿಲಿಲೀಟರ್ ಇದ್ದೀತು. ಸ್ನಾನ, ಫ್ಲಶ್, ಬಟ್ಟೆ ತೊಳೆಯುವುದು ಮತ್ತು ಸೋರಿಕೆಗಳ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬೈಗುಳ ಎಲ್ಲಿ ಬೀಳುತ್ತಿತ್ತು, ನೀರು ಎಲ್ಲಿ ಹೋಗುತ್ತಿತ್ತು ಎಂಬುದನ್ನು ಮಗಳ ನೋಟ್‌ಬುಕ್ಕಿನಲ್ಲಿ ಕಂಡ ದೊಡ್ಡವರು ತಾವೂ ಬದಲಾಗುತ್ತಾರೆ. ಅರ್ಧ ಲೋಟವಷ್ಟೇ ತುಂಬಿಕೊಂಡು ಕುಡಿಯುವುದು ಒಳ್ಳೆಯ ಅಭ್ಯಾಸವೇ, ಬೇಡವೆನ್ನುವುದಿಲ್ಲ. ಆದರೆ ದೊಡ್ಡ ತೂತನ್ನು ಮೊದಲು ಮುಚ್ಚಬೇಕು ಎಂಬ ವಿವೇಕ ಮಕ್ಕಳಿಗೆ ಅಂಕಿಯಿಂದಲೇ ಬರುತ್ತದೆ.

ಎರಡನೇ ವಾರ ಅವಳೇ ಒಂದು ಬದಲಾವಣೆ ಆರಿಸಲಿ, ಒಂದೇ ಒಂದು. ಅದನ್ನು ಮನೆಯವರೆಲ್ಲರೂ ಪಾಲಿಸಿ, ಮತ್ತೆ ಅಳೆಯಿರಿ. ಇಲ್ಲಿ ಎರಡು ಎಚ್ಚರಿಕೆ. ಲೆಕ್ಕವನ್ನು ಜನರ ಹೆಸರಿನಲ್ಲಿ ಬರೆಯಬೇಡಿ, ಜಾಗದ ಹೆಸರಿನಲ್ಲಿ ಬರೆಯಿರಿ: ಸ್ನಾನದ ಕೋಣೆ ಇಷ್ಟು, ಅಡುಗೆಮನೆ ಇಷ್ಟು. ಅಪ್ಪ ಇಷ್ಟು, ತಮ್ಮ ಇಷ್ಟು ಎಂದು ಬರೆದರೆ ನೋಟ್‌ಬುಕ್ ಮತ್ತೆ ಕಾವಲಿನವನ ದಂಡವಾಗುತ್ತದೆ. ಹಾಗೆಯೇ, ಉಳಿಸಿದ ಲೀಟರಿಗೆ ಹಣವನ್ನೋ ಬಹುಮಾನವನ್ನೋ ಮೊದಲೇ ಘೋಷಿಸಬೇಡಿ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿ, ಅವರಿಂದ ಚಿತ್ರ ಬರೆಸಿದರು. ಕೆಲವು ದಿನಗಳ ನಂತರ ನೋಡಿದಾಗ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸುತ್ತಿದ್ದರು. ಇಷ್ಟದಿಂದ ಮಾಡುವ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಇಷ್ಟ ಇಳಿಯಬಹುದು. ನಿಮ್ಮ ಮಗಳಿಗೆ ಇಷ್ಟ ಈಗಾಗಲೇ ಇದೆ.

ಅವಳಿಗೆ ಸಲ್ಲಬೇಕಾದ ಮನ್ನಣೆ ಬೇರೆ. ಅವಳು ಒಂದು ಸೋರಿಕೆ ತೋರಿಸಿದರೆ ಅದನ್ನು ಬೇಗ ರಿಪೇರಿ ಮಾಡಿಸಿ, ಸಾಧ್ಯವಾದರೆ ಎರಡು ಮೂರು ದಿನದೊಳಗೆ. ನಲ್ಲಿಯ ಒಳಗಿನ ಸವೆದ ವಾಷರ್ ಬದಲಿಸುವಾಗ ಅವಳು ಪಕ್ಕದಲ್ಲಿ ಕೂತು ನೋಡಲಿ, ಹಳೆಯ ವಾಷರನ್ನು ಕೈಯಲ್ಲಿ ಹಿಡಿಯಲಿ. ಮಗು ತೋರಿಸಿದ ಸೋರಿಕೆ ತಿಂಗಳಾದರೂ ಹಾಗೆಯೇ ತೊಟ್ಟಿಕ್ಕುತ್ತಿದ್ದರೆ, ನೀರಿನ ಬಗ್ಗೆ ನಾವು ಆಡುವ ಮಾತುಗಳು ಬರಿಯ ಮಾತು ಎಂಬುದನ್ನು ಅದು ಕಲಿಯುತ್ತದೆ. ಇದರ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ: ಮಕ್ಕಳ ನೀರಿನ ಶಿಕ್ಷಣ ಕೆಡುವುದು ಹೆಚ್ಚಾಗಿ ದೊಡ್ಡವರ ಆಲಸ್ಯದಿಂದ.

ಮಳೆಗಾಲ ಬಂದಾಗ ಇನ್ನೊಂದು ಪುಟ ತೆರೆಯಿರಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮಕ್ಕಳಿಗೆ ನಾನು ಕಲಿಸುವ ಲೆಕ್ಕಗಳಲ್ಲಿ ನನಗೆ ತುಂಬಾ ಪ್ರಿಯವಾದದ್ದು ಇದು. ತಳದಿಂದ ಬಾಯಿಯವರೆಗೂ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿಯನ್ನು ಬಯಲಿನಲ್ಲಿ ಇಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ಅಳೆದರೆ ಮಳೆಮಾಪಕ ಸಿದ್ಧ. ಐವತ್ತು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ 500 ಲೀಟರ್. ಚಾವಣಿ ಸ್ವಲ್ಪ ಹೀರುತ್ತದೆ, ಸ್ವಲ್ಪ ಆರುತ್ತದೆ, ಮೊದಲು ಹರಿಯುವ ಕೊಳಕು ನೀರನ್ನು ಹೊರಗೆ ಬಿಡಬೇಕು. ಆದರೂ ಬಹುಪಾಲು ಸಿಗುತ್ತದೆ. ಹಿಡಿದಿಟ್ಟ ನೀರನ್ನು ಬಿಗಿಯಾಗಿ ಮುಚ್ಚಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ತೆರೆದ ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒಳಬದಿಯನ್ನು ಉಜ್ಜಿ ತೊಳೆಯಬೇಕು, ಏಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿರುತ್ತವೆ.

ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು ಇಬ್ಬರಿಗೂ ಆಗುವ ಕೆಲಸ. ಸ್ನಾನದ ಅಥವಾ ಬಟ್ಟೆ ತೊಳೆದ ನೀರನ್ನು ದೊಡ್ಡವರೇ ನಿಭಾಯಿಸಲಿ. ಅದನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬಾರದು.

ಇನ್ನು ಕಣ್ಣಿಗೆ ಕಾಣದ ನೀರಿನ ವಿಷಯ. ಜಗತ್ತಿನಲ್ಲಿ ನದಿ, ಸರೋವರ, ಅಂತರ್ಜಲದಿಂದ ಮನುಷ್ಯರು ತೆಗೆಯುವ ಸಿಹಿನೀರಿನಲ್ಲಿ ಸುಮಾರು 70 ಪ್ರತಿಶತ ಕೃಷಿಗೆ ಹೋಗುತ್ತದೆ. ಮನೆಗಳು ಮತ್ತು ನಗರಗಳ ಪಾಲು ಅದರ ಮುಂದೆ ಚಿಕ್ಕದು. ನಾವು ತಿನ್ನುವ ಪ್ರತಿಯೊಂದರಲ್ಲೂ, ತೊಡುವ ಬಟ್ಟೆಯಲ್ಲೂ ನೀರು ಅಡಗಿದೆ. ನೆದರ್‌ಲೆಂಡ್ಸಿನ ಜಲತಜ್ಞ ಆರ್ಯನ್ ಹೂಕ್‌ಸ್ಟ್ರಾ 2002ರಲ್ಲಿ ಇದನ್ನು "ನೀರಿನ ಹೆಜ್ಜೆಗುರುತು" ಎಂಬ ಹೆಸರಿನಲ್ಲಿ ಲೆಕ್ಕ ಹಾಕಲು ಆರಂಭಿಸಿದರು. ಹತ್ತಿ ಬೆಳೆಯುವುದರಿಂದ ಹಿಡಿದು ಬಟ್ಟೆಯಾಗುವವರೆಗೆ ಒಂದು ಹತ್ತಿ ಅಂಗಿಗೆ ಜಾಗತಿಕ ಸರಾಸರಿಯಲ್ಲಿ ಎರಡೂವರೆ ಸಾವಿರ ಲೀಟರಿನಷ್ಟು ನೀರು ಬೇಕು. ಅದರಲ್ಲಿ ಹೊಲದ ಮೇಲೆ ಬಿದ್ದ ಮಳೆಯೂ ಸೇರಿದೆ, ಎಲ್ಲ ನದಿಯಿಂದ ಎತ್ತಿದ್ದಲ್ಲ ಎಂಬುದನ್ನೂ ಹೇಳಿ. ಒಂಬತ್ತು ವರ್ಷಕ್ಕೆ ಇದರ ಎರಡು ಉಪಯೋಗಗಳಿವೆ. ತಟ್ಟೆಗೆ ಬೇಕಾದಷ್ಟೇ ಬಡಿಸಿಕೊಳ್ಳುವುದೂ, ಅಂಗಿಯನ್ನು ಹರಿಯುವವರೆಗೆ ಹಾಕಿಕೊಳ್ಳುವುದೂ ನೀರಿನ ಉಳಿತಾಯವೇ ಎಂದು ತಿಳಿಯುತ್ತದೆ. ಜೊತೆಗೆ, ಜಗತ್ತಿನ ನೀರಿನ ಭಾರವೆಲ್ಲ ತನ್ನ ಬಕೆಟ್ಟಿನ ಮೇಲಿಲ್ಲ, ಬೆಳೆ ಬೆಳೆಯುವವರು, ಕಾರ್ಖಾನೆ ನಡೆಸುವವರು, ಕೊಳವೆ ನೋಡಿಕೊಳ್ಳುವವರು ಎಲ್ಲರಿಗೂ ಅದರಲ್ಲಿ ಪಾಲಿದೆ ಎಂದೂ ತಿಳಿಯುತ್ತದೆ. ಎರಡನೆಯದು ಅವಳಿಗೆ ಈಗ ಹೆಚ್ಚು ಬೇಕು.

ನೋಟ್‌ಬುಕ್ಕಿನ ಲೆಕ್ಕವನ್ನು ಒಂದು ತಿಂಗಳು ಬರೆದರೆ ಸಾಕು, ಅದಕ್ಕಿಂತ ಎಳೆಯಬೇಡಿ. ಯಾರಿಗಾದರೂ ಜ್ವರ, ಭೇದಿ ಬಂದ ದಿನಗಳಲ್ಲಿ ಅಳೆಯುವುದನ್ನು ಪೂರ್ತಿ ನಿಲ್ಲಿಸಿ. ಆಗ ಮನೆಯಲ್ಲಿ ಹೆಚ್ಚು ನೀರು ಬೇಕೇ ಬೇಕು. ಕಾಲ ಬದಲಾದಾಗ, ಅಂದರೆ ಬೇಸಿಗೆಯ ನಡುವೆ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ, ಮತ್ತೆ ಅಳೆದು ಹಿಂದಿನ ಪುಟದ ಜೊತೆ ಹೋಲಿಸಿ. ಮಗನಿಗೆ ಏಳು ತುಂಬುವ ಹೊತ್ತಿಗೆ ಎತ್ತರದ ಲೋಟದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಅವನ ಉತ್ತರ ಬದಲಾಗಿದ್ದರೆ ಲೀಟರಿನ ಬಾಟಲಿಯನ್ನು ಅವನ ಕೈಗೆ ಕೊಡಬಹುದು. ಹೇಗೆ ಅಳೆಯಬೇಕೆಂದು ಅಕ್ಕನೇ ಕಲಿಸಲಿ.